ಅಮ್ಮ ತಿದ್ದಿಕೊಟ್ಟ ದೇವರ ಸಾವು

ಅಥವಾ ಅಮ್ಮನಿಗೆ ಗಡ್ಡೆಯೆಂದು ವೈದ್ಯರು ಹೇಳುವುದಕ್ಕೆ ಮೊದಲೇ ಕೊಟ್ಟಿದ್ದೆನೋ ಏನೋ. ಹಾಗಾಗಿದ್ದರೆ ನಾನು ಬರೀ ಅಜಾಗರೂಕ. ಆಮೇಲೆ ಕೊಟ್ಟಿದ್ದರೆ ಬೇರೆಯೇ ಜಾತಿಯ ಮನುಷ್ಯ. ದೇವರು ಸತ್ತಿದ್ದಾನೆ ಎಂದು ವಾದಿಸುವ ನಲವತ್ತು ಪುಟಗಳ ಅಚ್ಚಿನ ಪ್ರೂಫನ್ನು, ತಿದ್ದಲೆಂದು, ಅಮ್ಮನ ಕೈಗೆ ಕೊಟ್ಟದ್ದು ನೆನಪಾದಾಗಲೆಲ್ಲ ಅವಳು ಜಗಲಿಯಲ್ಲಿ ಕುಳಿತಿರುತ್ತಾಳೆ, ಗಟ್ಟಿಮುಟ್ಟಾಗಿರುತ್ತಾಳೆ, ಬಸಳೆ ಸೊಪ್ಪು ಬಿಡಿಸುತ್ತಿರುತ್ತಾಳೆ. ನೆನಪು ನನಗೆ ಕೊಡುವ ಲಂಚ ಇದು. ಫೋನಿನಲ್ಲಿ ಉಳಿದಿರುವ ಸಂದೇಶಗಳನ್ನು ತೆರೆದು ನೋಡಿದೆ. ಮಣಿಪಾಲದಿಂದ ಅವಳ ಹೊಟ್ಟೆಯ ಗಡ್ಡೆಯ ವರದಿ ಬಂದದ್ದು ಸೋಮವಾರ. ‘ಪ್ರೂಫ್ ಇವತ್ತು ಅಮ್ಮನಿಗೆ ಕೊಟ್ಟೆ, ವಾರದೊಳಗೆ ಆಗುತ್ತದೆ’ ಎಂದು ನಾನು ಪ್ರಕಾಶಕರಿಗೆ ಬರೆದದ್ದು ಅದೇ ವಾರದ ಶುಕ್ರವಾರ. ಬಸಳೆ ಸುಳ್ಳು.

ಕೊಟ್ಟದ್ದು ಅಭ್ಯಾಸದಿಂದ. ಅಮ್ಮ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಕಾಪುವಿನ ಮನೆಯಲ್ಲಿದ್ದಳು. ನಾನು ಅನುವಾದಿಸಿದ ಯಾವುದೂ ಅವಳ ಕೆಂಪು ಪೆನ್ನಿನ ಕೆಳಗೆ ಹಾಯದೆ ಅಚ್ಚಿಗೆ ಹೋಗುತ್ತಿರಲಿಲ್ಲ. ಬ್ಯಾಂಕಿನ ಕೈಪಿಡಿ, ಮೀನು ಸಂಸ್ಕರಣೆಯ ಪುಸ್ತಕ, ಏನಾದರೂ ಸರಿ. ನಮ್ಮದು ನಾಲ್ಕು ತಲೆಮಾರಿನ ಪ್ರಾಟೆಸ್ಟಂಟ್ ಮನೆ: ನಮ್ಮ ನಮ್ಮಲ್ಲಿ ತುಳು, ದೇವರ ಹತ್ತಿರ ಕನ್ನಡ. ಹಾಗಾಗಿ ಅಮ್ಮ ನನಗೆ ಹೇಳಿದ್ದೆಂದು ಇಲ್ಲಿ ಬರೆಯುವ ಮಾತುಗಳೂ ನನ್ನ ಅನುವಾದವೇ. ಅವುಗಳನ್ನು ತಿದ್ದಲು ಅವಳು ಈಗ ಇಲ್ಲ.

ಆ ನಲವತ್ತು ಪುಟಗಳನ್ನು ಇಂಗ್ಲಿಷಿನಲ್ಲಿ ಬರೆದವನು ನಮ್ಮದೇ ಸಭೆಯ ಪಾಲಕ, ಅಂದರೆ ನಮ್ಮ ಚರ್ಚಿನ ಪಾದ್ರಿ. ಕಾರ್ಕಳದಲ್ಲಿ ಅಮ್ಮ ಕಲಿಸುತ್ತಿದ್ದಾಗ ಅವಳ ವಿದ್ಯಾರ್ಥಿ, ನನ್ನ ಸಹಪಾಠಿ. ಪಾಲಕನಾದ ಮೇಲೆ ಅಮ್ಮ ಅವನನ್ನು ಊರಿನವರ ಹಾಗೆ ‘ಅಯ್ಯನವರೇ’ ಎನ್ನತೊಡಗಿದಳು. ಅವನು ಮಾತ್ರ ಕೊನೆಯವರೆಗೂ ‘ಟೀಚರ್’ ಎಂದೇ ಕರೆದ. ಮಣಿಪಾಲದ ಒಂದು ವಿಚಾರಸಂಕಿರಣದಲ್ಲಿ ಅವನು ಅದನ್ನು ಓದುವಾಗ ನಾನು ಮೂರನೆಯ ಸಾಲಿನಲ್ಲಿದ್ದೆ. ನನ್ನ ಕನ್ನಡ ಅಚ್ಚಾಗಬೇಕಾಗಿದ್ದದ್ದು ಆ ಸಂಕಿರಣದ ಸಂಪುಟದಲ್ಲಿ, ನಮ್ಮ ಸಭೆಯವರ ಕೈಗೆ ಬೀಳದ ಪುಸ್ತಕದಲ್ಲಿ. ಶಿಲುಬೆಯ ಮೇಲೆ ಸತ್ತದ್ದು ಮಗ ಮಾತ್ರವಲ್ಲ, ಮೇಲೆ ಕುಳಿತು ನೋಡುತ್ತಿದ್ದ ದೇವರೂ ಅಲ್ಲಿಯೇ ಮುಗಿದ ಎಂದ. ತನ್ನನ್ನು ಬರಿದು ಮಾಡಿಕೊಂಡ, ಏನನ್ನೂ ಉಳಿಸಿಕೊಳ್ಳಲಿಲ್ಲ. ಈಗ ಉಳಿದಿರುವುದು ಒಂದು ಕರೆ ಮಾತ್ರ, ಕರೆಯುವವರು ಯಾರೂ ಇಲ್ಲದ ಕರೆ. ಹಸಿದವರ, ರೋಗಿಗಳ ಮುಂದೆ ನಾವು ಅದಕ್ಕೆ ಓಗೊಟ್ಟರೆ ದೇವರು ಸಂಭವಿಸಬಹುದು, ಇಲ್ಲದಿದ್ದರೆ ಇಲ್ಲ. ಕಾಯುವ, ಗುಣಪಡಿಸುವ, ಲೆಕ್ಕ ಕೇಳುವ ದೇವರು ನಮ್ಮ ಭಯ ಹೆತ್ತ ಕೂಸು.

ನನಗೆ ಮೈ ಜುಮ್ಮೆಂದಿತು. ಈಗ ಹೇಸಿಗೆಯಾಗುವುದು ಅದರ ಬಗ್ಗೆಯೇ. ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತಿದ್ದರು. ಪಕ್ಕದಲ್ಲಿದ್ದ ಪ್ರಾಧ್ಯಾಪಕರೊಬ್ಬರು ಜಾಮೂನನ್ನು ಚಮಚದಲ್ಲಿ ಎರಡು ಹೋಳು ಮಾಡುತ್ತಾ, “ದೇವರು ದುರ್ಬಲ ಅನ್ನುವುದರಲ್ಲಿ ಎಂಥ ಶಕ್ತಿ ಉಂಟು, ಅಲ್ವಾ?” ಎಂದರು. ಅವರ ಗಡ್ಡದಲ್ಲಿ ಪಾಕ ಮೆತ್ತಿತ್ತು. “ಹೌದು ಸರ್, ಅದ್ಭುತ” ಎಂದೆ. ಅಷ್ಟೂ ಜನರಲ್ಲಿ ಯಾರಿಗೂ ಆ ದಿನ ದೇವರು ಬೇಕಾಗಿರಲಿಲ್ಲ. ಬೇಡದ ವಸ್ತುವನ್ನು ಬಿಟ್ಟುಕೊಟ್ಟು ತ್ಯಾಗಿಗಳ ಮುಖ ಮಾಡಿಕೊಂಡು ಎರಡನೆಯ ಸಲ ಅನ್ನ ಹಾಕಿಸಿಕೊಂಡೆವು.

ಅಮ್ಮ ಒಂಬತ್ತು ದಿನ ತೆಗೆದುಕೊಂಡಳು. ನಡುವೆ ಪಡುಬಿದ್ರಿಯಿಂದ ಚಿಕ್ಕಮ್ಮ ಬಂದಿದ್ದಳು. ಅವಳು ನಮ್ಮ ಸಭೆ ಬಿಟ್ಟು ರೋಗಶಾಂತಿಯ ಕೂಟವೊಂದನ್ನು ಸೇರಿದವಳು. ಒಂದು ಸಣ್ಣ ಬಾಟಲಿಯ ಎಣ್ಣೆಯನ್ನು ಅಮ್ಮನ ಹೊಟ್ಟೆಗೆ ಹಚ್ಚಿ, ಬೀದಿಗೆ ಕೇಳುವ ಹಾಗೆ ಗಡ್ಡೆಯನ್ನು ಗದರಿಸಿದಳು. ಎಣ್ಣೆ ಸೀರೆಗೆ ಇಳಿಯಿತು. ಪ್ರಾರ್ಥನೆ ಮುಗಿದ ಮೇಲೆ ಹಾಸಿಗೆಯ ಮೇಲಿದ್ದ ಹಾಳೆಗಳನ್ನು ಎತ್ತಿ ನಾಲ್ಕು ಸಾಲು ಓದಿದಳು.

“ಎಂತ ಅಕ್ಕ ಇದು? ಇಂಥದ್ದು ಓದಿದ್ರೆ ಗುಣ ಆಗ್ತದಾ?”

“ನಾನು ಓದುದಿಲ್ಲ, ತಿದ್ದುದು” ಎಂದಳು ಅಮ್ಮ.

“ಸಂಶಯ ಪಟ್ರೆ ಎಣ್ಣೆ ಕೆಲಸ ಮಾಡುದಿಲ್ಲ, ಆಯ್ತಾ?”

“ಹಾಗಾದ್ರೆ ಸ್ವಲ್ಪ ಕಡಿಮೆ ಹಚ್ಚಬಹುದಿತ್ತು. ಸೀರೆ ಹಾಳಾಯ್ತು.”

ಗಡ್ಡೆ ಉಳಿದರೆ ತಪ್ಪು ಅಮ್ಮನ ನಂಬಿಕೆಯದು ಎಂದು ಚಿಕ್ಕಮ್ಮ ಮೊದಲೇ ತೀರ್ಪು ಬರೆದಿಟ್ಟಿದ್ದಳು. ಆ ದೇವರೂ ನನಗೆ ವಾಕರಿಕೆ ತರಿಸಿದ. ಮಣಿಪಾಲದ ದೇವರಿಗೆ ಕೈಯೇ ಇಲ್ಲ. ಪಡುಬಿದ್ರಿಯವನ ಕೈ ಅಮ್ಮನ ಕುತ್ತಿಗೆಯ ಮೇಲೆ. ಚಿಕ್ಕಮ್ಮನನ್ನು ಬಸ್ಸಿಗೆ ಬಿಡಲು ಹೋದಾಗ ಅವಳು ದಾರಿಯುದ್ದಕ್ಕೂ ಅತ್ತಳು. ಅದನ್ನು ಬರೆಯದೆ ಬಿಟ್ಟರೆ ಅವಳನ್ನು ಹಳಿಯುವುದು ಸುಲಭ. ಅದಕ್ಕೇ ಬರೆದಿದ್ದೇನೆ.

ಪ್ರೂಫ್ ಮರಳಿ ಬಂತು. ತಿದ್ದದೆ ಬಿಟ್ಟ ಪುಟ ಒಂದೂ ಇರಲಿಲ್ಲ. ದೇವರ ಸಾವಿನ ಅಧ್ಯಾಯದಲ್ಲಿ ಹನ್ನೊಂದು ಅಲ್ಪವಿರಾಮಗಳನ್ನು ತೆಗೆದು ಪೂರ್ಣವಿರಾಮ ಹಾಕಿದ್ದಳು. ವಿಷಯದ ಬಗ್ಗೆ ಒಂದಕ್ಷರವಿಲ್ಲ.

“ನಿನ್ನ ವಾಕ್ಯ ಉದ್ದ ಮಗಾ. ದಮ್ಮು ಕಟ್ತದೆ” ಎಂದಳು. ಆಮೇಲೆ, “ಶನಿವಾರ ಅಯ್ಯನವರು ಬರುದು ಬೇಡ.”

ಆಗ ನನಗೆ ಹೊಳೆಯಿತು, ಆಗಷ್ಟೇ. ಬರುವ ಸೋಮವಾರ ಶಸ್ತ್ರಚಿಕಿತ್ಸೆ. ಅದಕ್ಕೆ ಮೊದಲು ಮನೆಗೆ ಬಂದು ಪ್ರಭುಭೋಜನ ಕೊಡಬೇಕು, ರೊಟ್ಟಿಯ ಚೂರು ಮತ್ತು ಒಂದು ಗುಟುಕು ದ್ರಾಕ್ಷಾರಸ, ಎಂದು ಪಾಲಕನಿಗೆ ಹೇಳಿಕಳಿಸಿದ್ದವಳು ಅಮ್ಮನೇ. ಆ ಹಾಳೆಗಳನ್ನು ತಲುಪಿಸಿದವನು ನಾನು.

“ಬೇರೆ ಸಭೆಯ ಅಯ್ಯನವರನ್ನು ಕರೆಯುತ್ತೇನೆ” ಎಂದೆ.

“ಕರೆದ್ರೆ ಯಾಕೆ ಅಂತ ಸಭೆಯ ಹಿರಿಯರು ಕೇಳ್ತಾರೆ. ಯಾಕೆ ಅಂತ ಗೊತ್ತಾದ್ರೆ ಅವನ ಕೆಲಸ ಹೋಗ್ತದೆ. ಅವನಿಗೆ ಎರಡು ಹೆಣ್ಣುಮಕ್ಕಳು.” ಗೋಡೆಯ ಕಡೆ ಹೊರಳಿದಳು. “ನಾನು ಹಾಗೆಯೇ ಹೋಗ್ತೇನೆ, ಬಿಡು.”

ಆಸ್ಪತ್ರೆಗೆ ಹೋಗುವ ಮಾತೇ ಅದು? ಹೌದೆಂದು ನಾನು ಆಗ ನನಗೆ ಹೇಳಿಕೊಂಡೆ.

ಶುಕ್ರವಾರ ಕಟಪಾಡಿಯ ಹೋಟೆಲೊಂದರಲ್ಲಿ ಪಾಲಕನನ್ನು ಹಿಡಿದೆ. ಅವನು ಉಡುಪಿಯಿಂದ ಸ್ಕೂಟರಿನಲ್ಲಿ ಬಂದಿದ್ದ. ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

“ನೀನು ಟೀಚರಿಗೆ ಕೊಟ್ಟದ್ದಾ ಅದನ್ನು? ಮಂಡೆ ಉಂಟಾ ನಿನಗೆ?”

“ಬರೆದದ್ದು ನೀನು.”

“ಬರೆದದ್ದು ಮಣಿಪಾಲದವರಿಗೆ ಮಾರಾಯ.”

ಇಷ್ಟು ಬೇಗ, ಇಷ್ಟು ಸಲೀಸಾಗಿ ಬಂದ ಆ ಮಾತಿಗೆ ನನ್ನ ಬಾಯಿಯಲ್ಲಿದ್ದ ಚಹಾ ಕಹಿಯಾಯಿತು. ಅವನಿಗೂ ಆಗಿರಬೇಕು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ನಾಳೆ ಬಂದು ಒಂದು ಮಾತು ಹೇಳು,” ಎಂದೆ, “ಅದು ಬರೀ ಪಾಂಡಿತ್ಯದ ಚರ್ಚೆ, ನನ್ನ ನಂಬಿಕೆ ಬೇರೆ ಅಂತ. ಸಾಕು.”

“ಸುಳ್ಳು ಹೇಳ್ಲಾ?”

“ಪ್ರತಿ ಭಾನುವಾರ ಹೇಳ್ತಿ ಅಲ್ವಾ?”

“ಅದು ಸುಳ್ಳಲ್ಲ” ಎಂದ. “ನನ್ನದಲ್ಲದ ಮಾತು, ಅಷ್ಟೆ. ನನ್ನ ಬಾಯಿ ಎರವಲು ಕೊಡ್ತೇನೆ. ಟೀಚರ್ ಕೇಳಿದ್ರೆ ಮಾತ್ರ ನನ್ನದೇ ಮಾತು ಹೇಳ್ಬೇಕಾಗ್ತದೆ. ಅದೇ ಕಷ್ಟ.”

ಚಂದದ ವಾಕ್ಯ. ಅನುವಾದಿಸುವ ಅಗತ್ಯವೇ ಇರಲಿಲ್ಲ. ಆ ಚಂದಕ್ಕೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ನನಗೆ ಬೇಕಾಗಿದ್ದದ್ದಾದರೂ ಏನು? ದೇವರಿಲ್ಲವೆಂದು ಹತ್ತು ವರ್ಷಗಳಿಂದ ತಿಳಿದುಕೊಂಡಿದ್ದ ನಾನು, ನನ್ನ ತಾಯಿಗೆ ಸುಳ್ಳು ಹೇಳಲು ಒಬ್ಬ ಪಾಲಕನನ್ನು ಗೊತ್ತುಮಾಡುತ್ತಿದ್ದೆ. ಹೇಳುವ ಧೈರ್ಯ ನನಗಿಲ್ಲದ್ದರಿಂದ.

ಶನಿವಾರ ಬೆಳಿಗ್ಗೆ ಅವನು ಬಂದೇ ಬಂದ, ಬೇಡವೆಂದರೂ. ಅಮ್ಮ ಎದ್ದು ಗೋಡೆಗೊರಗಿ ಕುಳಿತಳು. ಪುಟ್ಟ ಮೇಜಿಗೆ ಬಿಳಿ ಬಟ್ಟೆ ಹಾಸಲು ನನಗೆ ಕಣ್ಣಿನಲ್ಲೇ ಹೇಳಿದಳು. ಬಂದವರನ್ನು ಹಾಗೇ ಕಳಿಸಿ ಅವಳಿಗೆ ಗೊತ್ತಿಲ್ಲ. ಹಾಸಿದೆ. ಅವನು ಪೆಟ್ಟಿಗೆ ತೆರೆದು ತಟ್ಟೆ, ಬಟ್ಟಲು ಇಟ್ಟ.

“ಅಯ್ಯನವರೇ, ಒಂದು ಪ್ರಶ್ನೆ” ಎಂದಳು ಅಮ್ಮ. “ಇದನ್ನು ಯಾರ ಪರವಾಗಿ ಕೊಡ್ತೀರಿ?”

ಅವನ ಕಿವಿ ಕೆಂಪಾಯಿತು. ಶಾಲೆಯಲ್ಲಿ ಪದ್ಯ ಬಾಯಿಪಾಠ ಬಾರದೆ ನಿಲ್ಲುತ್ತಿದ್ದವನ ಹಾಗೆಯೇ ನಿಂತ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅವನಿಗೆ ಪದ್ಯಗಳು ಬರುತ್ತಿದ್ದವು.

“ಗೊತ್ತಿಲ್ಲ ಟೀಚರ್” ಎಂದ. “ಕೊಡಬೇಕು ಅಂತ ಮಾತ್ರ ಗೊತ್ತುಂಟು.”

“ಗೊತ್ತಿಲ್ಲ ಅನ್ಲಿಕ್ಕೆ ನಲವತ್ತು ಪುಟ ಬೇಕಿತ್ತಾ ಮಾರಾಯ್ರೆ?”

ಅವನು ನಕ್ಕ, ನಾನೂ ನಕ್ಕೆ. ಅಮ್ಮ ನಗಲಿಲ್ಲ. ಅವನನ್ನು ಬಹಳ ಹೊತ್ತು ನೋಡಿದಳು, ಅಥವಾ ಸ್ವಲ್ಪವೇ ಹೊತ್ತು. ಆಮೇಲೆ, “ಶುರು ಮಾಡಿ. ಹೊತ್ತಾಗ್ತದೆ” ಎಂದಳು.

ಅವನು ಹಳೆಯ ಕ್ರಮವನ್ನು ಒಂದಕ್ಷರ ಬಿಡದೆ ಹೇಳಿದ. ಕೆಟ್ಟದಾಗಿ ಹೇಳಿದ, ವೇದಿಕೆಯ ಮೇಲಿನ ಆ ತೂಗುವ ಸ್ವರ ಎಲ್ಲಿ ಹೋಗಿತ್ತೋ. ರೊಟ್ಟಿ ಮುರಿದ. ಅಮ್ಮ ಅಂಗೈ ಚಾಚಿದಳು, ಅವನು ಚೂರನ್ನು ಅದರ ಮೇಲಿಟ್ಟ. ಆಗ ಅವನು “ಪ್ರಾರ್ಥಿಸೋಣ” ಎಂದ. ನಾನು ಕಣ್ಣು ಮುಚ್ಚಿದೆ. ಯಾರಿಗೂ ಪ್ರಾರ್ಥಿಸಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಕಣ್ಣು ಮುಚ್ಚುವುದು ನಮ್ಮ ಮನೆಗಳಲ್ಲಿ ಹುಟ್ಟಿದವರ ಮೈಯ ರೂಢಿ. ಸೀನು ಬಂದ ಹಾಗೆ ಬರುತ್ತದೆ. ಆ ಇಡೀ ಬೆಳಗಿನಲ್ಲಿ ನೋಡಲೇಬೇಕಾಗಿದ್ದ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿ ತಲೆ ಬಾಗಿಸಿ ಕುಳಿತಿದ್ದೆ, ಶ್ರದ್ಧಾವಂತನ ಹಾಗೆ.

ತೆರೆದಾಗ ಅಮ್ಮನ ಎರಡೂ ಕೈಗಳು ಹೊದಿಕೆಯೊಳಗಿದ್ದವು. ಬಟ್ಟಲನ್ನು ಬೇಡವೆಂದು ತಲೆಯಾಡಿಸಿದಳು; ವಾಕರಿಕೆ ಬರುತ್ತದೆ ಎಂದಳು, ಅದು ನಿಜವೂ ಇದ್ದೀತು. ಅವನು ಪೆಟ್ಟಿಗೆ ಮುಚ್ಚಿದ. ಸೋಮವಾರ ಹೊಟ್ಟೆ ತೆರೆದವರು ಏನೂ ಮಾಡದೆ ಹೊಲಿದರು. ಇಪ್ಪತ್ತಾರು ದಿನ ಬದುಕಿದಳು. ಔಷಧದ ಬಗ್ಗೆ ಮಾತಾಡಿದೆವು, ಗಂಜಿಯ ಬಗ್ಗೆ ಮಾತಾಡಿದೆವು. ಅವನು ಮತ್ತೆ ಮೂರು ಸಲ ಬಂದ, ಏನನ್ನೂ ಓದದೆ ಪಕ್ಕದಲ್ಲಿ ಕುಳಿತು ಹೋದ. ಆ ಚೂರನ್ನು ಏನು ಮಾಡಿದೆ ಎಂದು ಅಮ್ಮನನ್ನು ಕೇಳಲಿಲ್ಲ, ಅವನನ್ನು ಕೇಳಿದೆ. ಪ್ರಾರ್ಥಿಸುವಾಗ ತಾನೂ ಕಣ್ಣು ಮುಚ್ಚಿದ್ದೆ ಎಂದ.

ಅಮ್ಮ ಆ ರೊಟ್ಟಿಯನ್ನು ತಿಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ತಿಂದಿದ್ದರೆ ನಂಬಿ ತಿಂದಳೋ, ಅವನ ಮರ್ಯಾದೆ ಉಳಿಸಲು ತಿಂದಳೋ, ಅದೂ ಗೊತ್ತಿಲ್ಲ.