ಎರಡು ಸುತ್ತಿನ ಬೋಲ್ಟು

ಮಗಳನ್ನು ಕೊಡಿ ಎಂದು ಕೇಳಲು ಅವನು ಆ ಮನೆಗೆ ಮೊದಲ ಸಲ ಹೋದದ್ದು ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಎರಡನೇ ಮಹಡಿ. ಬಾಗಿಲ ಪಕ್ಕ ಬಿಟ್ಟಿದ್ದ ದೊಡ್ಡ ಬೂಟಿನ ಅಟ್ಟೆಯಲ್ಲಿ ಕಬ್ಬಿಣದ ಸಣ್ಣ ಸಣ್ಣ ಸುರುಳಿಗಳು ಚುಚ್ಚಿಕೊಂಡಿದ್ದವು. ಒಳಗೆ ಒಂದು ಮೇಜು, ಮೂರು ಕುರ್ಚಿ, ಮೂಲೆಯಲ್ಲಿ ಸೊಂಟದೆತ್ತರಕ್ಕೆ ಪೇರಿಸಿದ ಹಳೆಯ ಪತ್ರಿಕೆಗಳು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಇಸ್ತ್ರಿ ಅಂಗಿ ತೊಟ್ಟು, ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಅಪ್ಪ ಹೊಲ ಉಳುತ್ತಾರೆ, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು, ಈಗ ಅರ್ಥಶಾಸ್ತ್ರ ಪಾಠ ಹೇಳುತ್ತೇನೆ. ಇಷ್ಟೇ.

ಹುಡುಗಿಯ ಅಪ್ಪ ಅದ್ಯಾವುದನ್ನೂ ಕೇಳಲಿಲ್ಲ.

"ಅರ್ಥಶಾಸ್ತ್ರ ಅಂದ್ರಲ್ಲ. ಹೇಳಿ ನೋಡೋಣ, ಇನ್ನು ಮೂವತ್ತು ವರ್ಷಕ್ಕೆ ಪ್ರಪಂಚಕ್ಕೆ ಯಜಮಾನ ಯಾರು?"

ಅವನು ಗಂಟಲು ಸರಿಮಾಡಿಕೊಂಡು ಉತ್ಪಾದನೆ, ಜನಸಂಖ್ಯೆ, ಸೈನ್ಯದ ಖರ್ಚು ಎಂದು ಶುರುಮಾಡಿದ. ನಾಲ್ಕು ವಾಕ್ಯ ಆಗಿರಲಿಲ್ಲ, ಅವರು ಮೇಜಿನ ಡ್ರಾಯರು ಎಳೆದು ಒಂದು ಬೋಲ್ಟು, ಒಂದು ನಟ್ಟು ತೆಗೆದು ಅವನ ಅಂಗೈಯಲ್ಲಿಟ್ಟರು. "ಪುಸ್ತಕದ್ದು ಸಾಕು. ಇದನ್ನ ಹಾಕಿ."

ಹಾಕಿದ. ಎರಡು ಸುತ್ತು ಬೆಣ್ಣೆಯಂತೆ ಹೋಯಿತು. ಮೂರನೆಯದಕ್ಕೆ ಹಿಡಿದುಕೊಂಡಿತು. ಬಲ ಹಾಕಿ ತಿರುಗಿಸಿದ, ಹೆಬ್ಬೆರಳ ಚರ್ಮ ಕಿತ್ತಿತು.

"ಬಿಡಿ, ಹೋಗಲ್ಲ. ಬೋಲ್ಟು ಎಂಟು ಮಿಲಿಮೀಟರಿಂದು. ನಟ್ಟು ಇಂಚಿಂದು, ಇಂಚಿನ ಹದಿನಾರು ಪಾಲಲ್ಲಿ ಐದು ಪಾಲು. ಕಣ್ಣಿಗೆ ಅವಳಿಜವಳಿ. ಎರಡು ಸುತ್ತು ನೆಂಟಸ್ತನ, ಮೂರನೇ ಸುತ್ತಿಗೆ ಜಗಳ. ದೇಶ ದೇಶದ ಮಧ್ಯೆಯೂ ಹೀಗೇ."

"ಹುಡುಗ ನೆಂಟಸ್ತನಕ್ಕೇ ಬಂದಿರೋದು," ಎಂದು ಅಡುಗೆಮನೆಯಿಂದ ಹುಡುಗಿಯ ಅಮ್ಮನ ದನಿ ಬಂತು. "ಜಗಳದ ಮಾತು ಈಗಲೇ ಯಾಕೆ? ಅದಿರಲಿ, ಈ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ಎಂಟು ದಿನ ಆಯ್ತು. ಪ್ರಪಂಚದ ಯಜಮಾನ ಸಿಕ್ಕಿದ ಮೇಲಾದರೂ ಮನೆ ಯಜಮಾನರು ಒಂದು ಸಲ ಇತ್ತ ನೋಡಿದ್ರೆ ಆಗ್ತಿತ್ತು."

ಮದುವೆಯಾಯಿತು. ಅವನು ಅಳಿಯನಾದ, ಅವರು ಮಾವನಾದರು. ಅವರು ಅದಕ್ಕೂ ಮುಂಚೆಯೇ ಮಾವನಾಗಿದ್ದರು ಅನ್ನಬೇಕು. ಬೋಲ್ಟು ಮಾಡುವ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕಬ್ಬಿಣ ಕಡೆಯುವ ಲೇತು ನಡೆಸಿದ ಅವರನ್ನು ಕಾವಲುಗಾರನಿಂದ ಹಿಡಿದು ಧಣಿಯವರೆಗೆ ಎಲ್ಲರೂ ಕರೆಯುತ್ತಿದ್ದದ್ದು ತಿರುಪು ಮಾವ ಎಂದೇ. "ಊರಿಗೆಲ್ಲ ಬಿಟ್ಟಿ ಮಾವ, ಲಗ್ನಪತ್ರಿಕೆ ಅಚ್ಚು ಹಾಕಿಸಿ ಮಾವ ಅನ್ನೋನು ನೀನೊಬ್ಬನೇ ಕಣಯ್ಯ" ಎಂದು ಅವರೇ ನಗುತ್ತಿದ್ದರು.

ಅವರ ಲೆಕ್ಕಾಚಾರ ಪತ್ರಿಕೆಯವರ ಲೆಕ್ಕಾಚಾರದಂತಲ್ಲ. ಯಾರ ಬಳಿ ಎಷ್ಟು ಹಡಗು, ಎಷ್ಟು ಕ್ಷಿಪಣಿ ಎಂದು ಓದುತ್ತಿದ್ದರು, ನಂಬುತ್ತಿರಲಿಲ್ಲ. ಕಾರ್ಖಾನೆಯಲ್ಲಿ ತಮ್ಮ ಉಪಕರಣದ ಬೀರುವಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಗಿರಾಕಿಗಳಿಂದ ವರ್ಷಕ್ಕೆ ಇಂಚಿನ ಅಳತೆಯ ಬೋಲ್ಟಿನ ನಕ್ಷೆ ಎಷ್ಟು ಬಂತು, ಮಿಲಿಮೀಟರಿನದು ಎಷ್ಟು ಬಂತು ಎಂದು. ಯಾರ ಅಳತೆಗೆ ಪ್ರಪಂಚ ಬೋಲ್ಟು ಕಡಿಯುತ್ತದೋ ಅವನೇ ಯಜಮಾನ, ಇದು ಅವರ ಸಿದ್ಧಾಂತ. ಇಂಚಿನವರು ಹಳೆಯ ಧಣಿಗಳು. ಮಿಲ್ಲಿಯವರು, ಅಂದರೆ ಮಿಲಿಮೀಟರಿನವರು, ಹೊಸದಾಗಿ ಕಾರ್ಖಾನೆ, ಹಡಗು ಕಟ್ಟಿ ಮೇಲೇಳುತ್ತಿರುವವರು. ಇಂಚಿನ ಗೆರೆ ವರ್ಷ ವರ್ಷಕ್ಕೆ ಕುಗ್ಗುತ್ತಿತ್ತು.

"ಇನ್ನು ಹತ್ತೇ ವರ್ಷ, ಇಂಚು ನೆಲಕಚ್ಚತ್ತೆ," ಎಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಪತ್ರಿಕೆಯ ಪಂಡಿತರ ಮೇಲೆ ಅವರಿಗೆ ಮೈಯೆಲ್ಲ ಉರಿ. "ಹೋದ ವರ್ಷ ಇದೇ ಮಹಾನುಭಾವ ಹದಿನೈದು ವರ್ಷ ಅಂದಿದ್ದ, ಈಗ ಇಪ್ಪತ್ತೈದು ಅಂತಾನೆ. ಯಾರೂ ಕೇಳಲ್ಲ. ನಾನು ಬೋಲ್ಟಲ್ಲಿ ಒಂದು ಕೂದಲೆಳೆ ತಪ್ಪಿದ್ರೆ ಪೆಟ್ಟಿಗೆ ಸಮೇತ ವಾಪಸ್ ಬರತ್ತೆ. ಇವನ ಮಾತು ಯಾವ ಪೆಟ್ಟಿಗೇಲೂ ವಾಪಸ್ ಬರಲ್ಲ."

ಅತ್ತೆ ಒಮ್ಮೆ ಹೊಸ ನಲ್ಲಿ ತಂದು ಮೇಜಿನ ಮೇಲಿಟ್ಟು ಕೇಳಿದ್ದರು: "ಇಂಚಿನವರ ಕಾಲ ಮುಗೀತು ಅಂತೀರಲ್ಲ, ಅಂಗಡಿಯವನು ಇವತ್ತಿಗೂ ಅರ್ಧ ಇಂಚಿನ ನಲ್ಲಿ ಅಂತಲೇ ಕೊಡ್ತಾನಲ್ಲ, ಯಾಕೆ?"

"ನಲ್ಲಿ ಬೇರೆ, ರಾಜ್ಯಭಾರ ಬೇರೆ," ಎಂದು ಮಾವ ಮಾತು ಹಾರಿಸಿದರು. ಅಳಿಯನೂ ಮುಗುಳ್ನಕ್ಕ. ಆ ನಗು ಅವನಿಗೆ ಆಮೇಲೆ ಬಹಳ ದಿನ ಚುಚ್ಚಿತು.

ಮಾವನ ನಿವೃತ್ತಿಗೆ ಮೂರು ವರ್ಷ ಇದ್ದಾಗ ಕಾರ್ಖಾನೆ ಧಣಿಯ ಮಗನ ಕೈಗೆ ಬಂತು. ಚಿಕ್ಕ ಧಣಿ ವ್ಯಾಪಾರ ಓದಿದವನು, ಗೋಡೆಯ ಮೇಲೆ ಬೆಳಕು ಬಿಟ್ಟು ಪಟ ತೋರಿಸುವವನು. ಮೊದಲ ವಾರವೇ ಎಲ್ಲರನ್ನೂ ಕೂರಿಸಿ, ಏರುವ ಗೆರೆ ಮಿಲ್ಲಿಯವರದು, ಇಳಿಯುವ ಗೆರೆ ಇಂಚಿನವರದು ಎಂದು ತೋರಿಸಿದ. "ಇನ್ನು ಮುಂದೆ ನಮ್ಮಲ್ಲಿ ಒಂದೇ ಅಳತೆ. ಇಂಚಿನ ಗೇಜುಗಳೆಲ್ಲ ಗುಜರಿಗೆ. ಇದು ನಾನು ಕಂಡುಹಿಡಿದದ್ದೇನಲ್ಲ, ನಮ್ಮ ಮಾವ ಹತ್ತು ವರ್ಷದಿಂದ ಹೇಳ್ತಿರೋದೇ."

ಗೇಜು ಎಂದರೆ ಬೋಲ್ಟಿನ ಸುತ್ತು ಕೊನೆಯವರೆಗೂ ಸರಿಯಿದೆಯೇ ಎಂದು ನೋಡುವ ಉಕ್ಕಿನ ಬಳೆ. ಮಾವ ಅವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಮಕ್ಕಳಂತೆ ಕಾಪಾಡಿದ್ದರು. ಬೇಡ ಎನ್ನಬೇಕೆನಿಸಿತು. ಆದರೆ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟಿದ್ದರು, ಅದೂ ಅವರಿಗೆ. ತಮ್ಮ ಮಾತಿಗೇ ತಾವು ಅಡ್ಡ ನಿಲ್ಲುವುದು ಹೇಗೆ? ಪೆಟ್ಟಿಗೆಯನ್ನು ತಾವೇ ಹೊತ್ತು ಗುಜರಿ ಗಾಡಿಗೆ ಹಾಕಿದರು.

ಏಳು ತಿಂಗಳಿಗೆ ದೊಡ್ಡ ಬೇಡಿಕೆ ಬಂತು. ಹನ್ನೊಂದು ಪೆಟ್ಟಿಗೆ ಬೋಲ್ಟು, ಯಾವುದೋ ಸಣ್ಣ ದೇಶದ ಸೈನ್ಯದ ಲಾರಿಗಳಿಗೆ. ಮಿಲ್ಲಿಯವರ ಹಡಗುಗಳು ತಮ್ಮ ದಡದತ್ತ ಬರುತ್ತಿವೆ ಎಂಬ ಹೆದರಿಕೆಗೆ ಆ ದೇಶ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಲಾರಿಗಳನ್ನು ಹೊರಗೆಳೆದಿತ್ತು. ಅವನ್ನು ಅರವತ್ತು ವರ್ಷದ ಹಿಂದೆ ಮಾರಿದವರು ಇಂಚಿನವರು. ನಕ್ಷೆಯಲ್ಲಿ ಬರೆದದ್ದು ಅದೇ, ಹದಿನಾರರಲ್ಲಿ ಐದು.

ಚಿಕ್ಕ ಧಣಿ ಗುಣಾಕಾರ ಮಾಡಿ ನೋಡಿದ. "ಏಳು ಪಾಯಿಂಟ್ ಒಂಬತ್ತು ನಾಲ್ಕು. ಎಂಟೇ ಆಯ್ತಲ್ಲ ಮಾವ. ಎಂಟು ಮಿಲ್ಲಿ ಹಾಕಿ."

"ದಪ್ಪ ಹತ್ತಿರ ಇದೆ ಸಾರ್, ಸುತ್ತು ಬೇರೆ. ಮೂರನೇ ಸುತ್ತಿಗೆ ಕಚ್ಚಿಕೊಳ್ಳತ್ತೆ."

"ಇಂಚು ಸತ್ತೋಯ್ತು ಅಂದೋರು ನೀವೇ. ಈಗ ಶ್ರಾದ್ಧ ಮಾಡೋಕೆ ನಿಂತಿದೀರಲ್ಲ."

ಮಾದರಿಗೆ ಐದು ಬೋಲ್ಟು ಮಾಡಿದರು. ಕೊಳ್ಳುವವರ ಪರವಾಗಿ ಬಂದ ಗುಮಾಸ್ತ ತಾನು ತಂದಿದ್ದ ನಟ್ಟನ್ನು ಎರಡು ಸುತ್ತು ತಿರುಗಿಸಿ, ಸಲೀಸಾಗಿದೆ ಎಂದು ಬರೆದುಕೊಟ್ಟ. ಅವಸರ ಇದ್ದಾಗ ಆ ಕಸುಬಿನಲ್ಲಿ ಎಲ್ಲರೂ ಎರಡೇ ಸುತ್ತು ನೋಡುವುದು. ನಟ್ಟು, ಬೋಲ್ಟು ಎರಡೂ ಒಂದೇ ಅಳತೆಯವಾದರೆ ಅಷ್ಟು ಸಾಕು ಕೂಡ.

ಆ ಸಂಜೆ ಮಾವ ಅಳಿಯನ ಮನೆಗೆ ಬಂದು ಕೂತರು. "ನೀನು ಓದಿದವನು, ಹೇಳು. ತಪಾಸಣೆ ಚೀಟಿಗೆ ನಾನು ಸಹಿ ಹಾಕಬೇಕು. ಮನಸ್ಸು ಒಪ್ತಿಲ್ಲ."

ಅವನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದ. ತಲೆ ಎತ್ತಿ ಹೇಳಿದ: "ಕೊಳ್ಳೋರೇ ಒಪ್ಪಿದಾರಲ್ಲ ಮಾವ. ಎಲ್ಲ ಒಂದೇ ಅಳತೆಗೆ ಬರೋ ಕಾಲ ಇದು. ನಿಮ್ಮ ಗೆರೆಗಳೇ ಹೇಳಲ್ವಾ?"

ಮೊದಲ ದಿನ ಕಿತ್ತುಹೋದ ಹೆಬ್ಬೆರಳ ಚರ್ಮ ಅವನಿಗೆ ಆ ಕ್ಷಣ ನೆನಪಾಗಲಿಲ್ಲ. ಮಾವ ಎದ್ದುಹೋದರು. ಮಾರನೇ ದಿನ ಹನ್ನೊಂದು ಚೀಟಿಗೂ ಸಹಿ ಹಾಕಿದರು.

ಎರಡು ತಿಂಗಳಿಗೆ ಹನ್ನೊಂದು ಪೆಟ್ಟಿಗೆಯೂ ವಾಪಸ್ ಬಂದವು. ಜೊತೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಮೂರನೇ ಸುತ್ತಿಗೆ ಕಚ್ಚಿಕೊಂಡ ಒಂದು ಬೋಲ್ಟು, ನಟ್ಟು. ಬೇಡಿಕೆ ಕೈಬಿಟ್ಟುಹೋಗಿತ್ತು. ಚಿಕ್ಕ ಧಣಿ ಚೀಟಿಗಳನ್ನು ಮೇಜಿನ ಮೇಲೆ ಹರಡಿದ. "ಸಹಿ ನಿಮ್ಮದು ಮಾವ."

"ಮೂರನೇ ಸುತ್ತಿಗೆ ಕಚ್ಚಿಕೊಳ್ಳತ್ತೆ ಅಂತ ನಾನೇ ಹೇಳಿದ್ದೆ ಸಾರ್."

"ಹೇಳಿದ್ರಿ, ಸರಿ. ಹೇಳಿ, ಆಮೇಲೆ ಸಹಿ ಹಾಕಿದ್ರಿ."

ಲೇತು ಅವರ ಕೈತಪ್ಪಿತು.

ಅಳಿಯ ಕೋಪದಲ್ಲಿ ಕಾರ್ಖಾನೆಗೆ ಹೋಗಿ ವಾದ ಮಾಡುತ್ತೇನೆಂದು ಹೊರಟ. ಮಾವ ತಡೆದರು. "ಯಾರ ಜೊತೆ ವಾದ ಮಾಡ್ತೀಯ? ಆ ಹುಡುಗ ನಂಬಿದ್ದು ನನ್ನ ಮಾತನ್ನೇ. ನಾನು ಮೇಲೇಳೋನನ್ನ ಎಣಿಸಿದೆ, ಇಳಿಯೋನು ಬಿಟ್ಟುಹೋಗಿದ್ದನ್ನ ಎಣಿಸಲಿಲ್ಲ. ಯಜಮಾನಿಕೆ ಹೋದ್ರೂ ಅವನ ಬೋಲ್ಟು ಎಲ್ಲಿ ಹೋಗತ್ತೆ? ಇನ್ನೂ ನೂರು ವರ್ಷ ಯಾರದ್ದೋ ಲಾರಿ ಅಡಿಯಲ್ಲಿ ಕೂತಿರತ್ತೆ."

"ನಲ್ಲಿ ತಂದಾಗಲೇ ಕೇಳಿದ್ದೆ," ಎಂದರು ಅತ್ತೆ. ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಮಾವ ತಿರುಗಿ ಏನಾದರೂ ಅನ್ನುತ್ತಿದ್ದರು.

ಬೀರುವಿನ ಬಾಗಿಲಿನ ಗೆರೆಗಳನ್ನು ಹೊಸಬ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದನಂತೆ. ಕಾರ್ಖಾನೆಯ ಊಟದ ಮೇಜಿನಲ್ಲಿ ಮುಂದಿನ ಮೂವತ್ತು ವರ್ಷದ ಚರ್ಚೆ ನಿಂತಿಲ್ಲ. ಅಳಿಯನ ತರಗತಿಯಲ್ಲೂ ಅದೇ ಪಾಠ, ಅದೇ ಉತ್ಪಾದನೆ, ಜನಸಂಖ್ಯೆ, ಸೈನ್ಯದ ಖರ್ಚು. ಹೇಳಿಕೊಡುವಾಗ ಈಗ ಅವನಿಗೇ ಬೇಸರ ಬರುತ್ತದೆ. ಹುಡುಗರು ಬರೆದುಕೊಳ್ಳುತ್ತಾರೆ, ಅಂಕ ಕೊಡುತ್ತಾನೆ.

ಮಾವ ಈಗ ಅದೇ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ಗುಜರಿಯಿಂದ ಬರುವ ಬೋಲ್ಟುಗಳನ್ನು ಇಂಚಿನವು ಒಂದು ಡಬ್ಬಿಗೆ, ಮಿಲಿಮೀಟರಿನವು ಇನ್ನೊಂದಕ್ಕೆ ಬೇರೆ ಮಾಡುತ್ತಾರೆ. ಪ್ರತಿಯೊಂದಕ್ಕೂ ನಟ್ಟನ್ನು ಕೊನೆಯ ಸುತ್ತಿನವರೆಗೆ ತಿರುಗಿಸಿ ನೋಡುತ್ತಾರೆ.