ಮೆಣಸಿನಕಾಯಿ ಚೀಲದ ಡಾಕ್ಟರೇಟು

ನನ್ನ ಹೆಸರಿನ ಮುಂದೆ ಯಾರಾದರೂ 'ಡಾ.' ಎಂದು ಬರೆದರೆ ಈಗಲೂ ಅದನ್ನು ಹೊಡೆದುಹಾಕುತ್ತೇನೆ. ವಿನಯದಿಂದಲ್ಲ, ಅಸಹ್ಯದಿಂದ.

ಎಂಬತ್ತರ ದಶಕದಲ್ಲಿ ನಾನು ಹಾವೇರಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಬ್ಯಾಡಗಿಯಲ್ಲಿ. ದಾರಿಯಲ್ಲಿ ಮೋಟೆಬೆನ್ನೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಕಾಯುವ ಹೊತ್ತೇ ನನ್ನ ಸಂಶೋಧನೆಯ ಹೊತ್ತು. ವಿಷಯ, ಆಂಶಿಕ ಅವಕಲ ಸಮೀಕರಣಗಳು. ಕಾದ ತಗಡಿನಲ್ಲಿ ಬಿಸಿ ಹೇಗೆ ಹರಡುತ್ತದೆ ಎಂದು ಹೇಳುವ ಜಾತಿಯ ಸಮೀಕರಣ. ಅಂಥದ್ದೊಂದಕ್ಕೆ ಒಂದೇ ಉತ್ತರವಿದೆ, ಎರಡನೆಯದು ಸಾಧ್ಯವಿಲ್ಲ ಎಂದು ಸಾಧಿಸಿದ್ದೇನೆಂಬುದೇ ನನ್ನ ಪ್ರಬಂಧದ ಹೆಚ್ಚುಗಾರಿಕೆ. ಆರು ವರ್ಷ ಅದಕ್ಕೇ ಜೋತುಬಿದ್ದಿದ್ದೆ.

ನನ್ನ ಮಾರ್ಗದರ್ಶಕರ ಮನೆಯಲ್ಲೊಂದು ಪದ್ಧತಿಯಿತ್ತು. ಪ್ರತಿ ಶಿಷ್ಯನೂ ತನ್ನೂರಿನ ಪದಾರ್ಥ ಹೊತ್ತು ಹೋಗಬೇಕು. ಬೆಳಗಾವಿಯವನು ಕುಂದಾ ತರುತ್ತಿದ್ದ, ನಾನು ಮೆಣಸಿನಕಾಯಿ. ಅದೂ ತೊಟ್ಟು ಬಿಡಿಸಿದ್ದೇ ಆಗಬೇಕು. ಅವರ ಮನೆಯವರಿಗೆ ಕೈ ಉರಿಯುತ್ತದಂತೆ. ನನ್ನ ಹೆಂಡತಿಯ ಕೈ ಉರಿಯುತ್ತದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ರವಿವಾರವಿಡೀ ಕೂತು ತೊಟ್ಟು ಮುರಿದು, ಆ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳಲಾಗದೆ ಒದ್ದಾಡುತ್ತಿದ್ದಳು.

"ಅವರು ನಿಮ್ಮ ಲೆಕ್ಕಾ ನೋಡ್ತಾರೋ, ಚೀಲಾ ನೋಡ್ತಾರೋ ಹೇಳ್ರಿ" ಎಂದಳೊಮ್ಮೆ. ನಾನು ಅವಳ ಮೇಲೆಯೇ ರೇಗಿದೆ.

ಮೌಖಿಕ ಪರೀಕ್ಷೆಗೆ ಮೂರು ವಾರವಿರುವಾಗ, ಬಸ್ಸಿನಲ್ಲಿ ಪ್ರಬಂಧ ತಿರುವುತ್ತಿದ್ದವನ ಕಣ್ಣು ಒಂದು ಸಾಲಿನಲ್ಲಿ ಸಿಕ್ಕಿಕೊಂಡಿತು. ಉತ್ತರವು ತಗಡಿನ ಅಂಚಿನವರೆಗೂ ಎಲ್ಲೂ ಕೆಡದೆ ಸಲೀಸಾಗಿರುತ್ತದೆ, 'ಇದು ಸ್ಪಷ್ಟ' ಎಂದು ಬರೆದುಬಿಟ್ಟಿದ್ದೆ. ಸ್ಪಷ್ಟವೂ ಇಲ್ಲ, ಮಣ್ಣೂ ಇಲ್ಲ. ಸಾಧಿಸಬೇಕಾದದ್ದೇ ಅದು. ಆ ಸಾಲು ಬಿದ್ದರೆ ಪ್ರಮೇಯ ಬಿತ್ತು. ಆಮೇಲೆ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ. ಮರುದಿನವೇ ಮಾರ್ಗದರ್ಶಕರ ಮನೆಗೆ ಓಡಿದೆ. ಅವರು ಆ ಪುಟವನ್ನು ತೆರೆಯಲೂ ಇಲ್ಲ.

"ಟೈಪ್ ಆಗಿ ಬೈಂಡ್ ಆಗೇತಿ. ಈಗ್ಯಾಕ ಹೊಳ್ಳಿ ನೋಡ್ತಿ?" ಎಂದರು. "ಪರೀಕ್ಷಾ ಮಾಡಾಕ ಬರೋರು ಮೈಸೂರ ಕಡೆಯವರು. ಅವರಿಗೆ ನಿಮ್ಮೂರ ಕಾಯಿ ಅಂದ್ರ ಭಾಳ ಪ್ರೀತಿ. ಒಂದು ಚೀಲಾ ತಗೊಂಡು ಬಾ."

ಒಯ್ದೆ. ಯಾರೂ ನನ್ನ ಕೈಕಾಲು ಕಟ್ಟಿ ಒಯ್ಯಿಸಲಿಲ್ಲ.

ಪರೀಕ್ಷಕರು ಪ್ರಬಂಧವನ್ನು ಮುಚ್ಚಿಟ್ಟು, "ಕಡ್ಡಿ ಕಾಯಿಗೂ ಡಬ್ಬಿ ಕಾಯಿಗೂ ಏನ್ರೀ ವ್ಯತ್ಯಾಸ?" ಎಂದು ಕೇಳಿದರು. ಕಡ್ಡಿ ಉದ್ದ, ಸಪೂರ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ಹೊಟ್ಟೆ ದಪ್ಪ ಎಂದು ವಿವರಿಸಿದೆ. ಅಷ್ಟು ಸಾಲದೆಂದು ಎದ್ದು ಬೋರ್ಡಿನ ಮೇಲೆ ಎರಡರ ಚಿತ್ರವನ್ನೂ ಬರೆದು ತೋರಿಸಿದೆ. ಆರು ವರ್ಷದ ಗಣಿತದ ಕೊನೆಗೆ ನಾನು ಸೀಮೆಸುಣ್ಣ ಹಿಡಿದು ಬರೆದದ್ದು ಅದು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ತೊಂಬತ್ತರ ದಶಕದಲ್ಲಿ, ಅದೇ ಪದವಿಯ ಬಲದಿಂದ, ರಾಣೇಬೆನ್ನೂರಿನ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥನಾದೆ. ಪ್ರಬಂಧದ ಆ ತಪ್ಪನ್ನು ತಿದ್ದಲು ಒಮ್ಮೆಯೂ ಕೂತವನಲ್ಲ. ಅಲ್ಲಿಗೊಬ್ಬ ಹುಡುಗಿ ಉಪನ್ಯಾಸಕಿಯಾಗಿ ಬಂದಳು, ಹಾವೇರಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳೇ. ಮನೆಮಾತು ಉರ್ದು, ಪಾಠ ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳುತ್ತಿದ್ದಳು. ತಾನೂ ಸಂಶೋಧನೆಗೆ ಸೇರಬೇಕೆಂದು, ನನ್ನ ಪ್ರಬಂಧವನ್ನು ಕೇಳಿ ಒಯ್ದು ಒಂದೊಂದೇ ಸಾಲನ್ನು ತನ್ನ ನೋಟುಬುಕ್ಕಿನಲ್ಲಿ ಬಿಡಿಸಿ ಬರೆದಿದ್ದಳು. ಒಂದು ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಬಂದಳು.

"ಸರ್, ಉತ್ತರ ಅಂಚಿನ ತನಕಾ ಸಲೀಸಾಗೇ ಇರತೈತಿ ಅಂತ ಇಲ್ಲಿ ಹೆಂಗ ಬಂತ್ರಿ? ಎರಡು ದಿನಾ ಕುಂತೀನಿ, ಬರವಲ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಅತ್ತಿತ್ತ ನೋಡಿದೆ. ಪಕ್ಕದ ಮೇಜಿನಲ್ಲಿ ಇಬ್ಬರು ಸಹೋದ್ಯೋಗಿಗಳು ಚಹಾ ಕುಡಿಯುತ್ತಿದ್ದರು. ತಪ್ಪು ನನ್ನದು, ನೀನು ಸರಿಯಾಗಿ ಹಿಡಿದಿದ್ದೀ ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ಅವಳ ಸಂಶೋಧನೆ ಅಲ್ಲಿಂದಲೇ ಶುರುವಾಗುತ್ತಿತ್ತು.

"ಅದು ಮ್ಯಾಲಿನ ಮಟ್ಟದ್ದವ್ವಾ," ಎಂದೆ. "ಇಷ್ಟೂ ಹೊಳೀಲಿಲ್ಲಂದ್ರ ಸಂಶೋಧನಾ ಹೆಂಗ ಮಾಡ್ತಿ?"

ಸಹೋದ್ಯೋಗಿಗಳು ತಿರುಗಿ ನೋಡಿದರು. ಅವಳ ಮುಖ ಕೆಂಪಾಯಿತು.

"ತಪ್ಪು ತಿಳ್ಕೋಬ್ಯಾಡ್ರಿ ಸರ್. ನನ್ನ ತಲಿಗೇ ಹತ್ತಿರಲಿಕ್ಕಿಲ್ಲ" ಎಂದು, ನನ್ನೆದುರಿಗೇ ರಬ್ಬರಿನಿಂದ ಆ ಚಿಹ್ನೆಯನ್ನು ಅಳಿಸಿದಳು. ಮೇಜಿನ ಮೇಲೆ ಬಿದ್ದ ರಬ್ಬರಿನ ಪುಡಿಯನ್ನು ಸೆರಗಿನಿಂದ ಒರೆಸಿ ಹೋದಳು. ಸಂಶೋಧನೆಯ ಮಾತನ್ನು ಮತ್ತೆ ಎತ್ತಲಿಲ್ಲ.