ಮಾವ ಕಟ್ಟಿದ ಗಂಟೆ

ಯಾವ ಕೋಣೆಗೆ ಕಾಲಿಟ್ಟರೂ ನನ್ನ ಮಾವ ಮೊದಲು ಒಂದು ಚಪ್ಪಾಳೆ ತಟ್ಟುತ್ತಿದ್ದರು. ಅದು ಗೋಡೆಗೆ ಬಡಿದು ಹೇಗೆ ಮರಳುತ್ತದೆಂದು ಕೇಳಿಯೇ ಮುಂದಿನ ಮಾತು. ಮಗನಿಗೆಂದು ನನ್ನನ್ನು ನೋಡಲು ಮಂಗಳೂರಿಗೆ ಬಂದ ದಿನವೂ ತಟ್ಟಿದ್ದರು. ಸೊಳ್ಳೆ ಕಾಟವಿರಬೇಕೆಂದು ನಮ್ಮಜ್ಜಿ ಫ್ಯಾನು ಹಾಕಿದ್ದರು.

ಗಾರ್ಡನ್ ರೀಚ್‌ನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನ್ನುಗಳ ಸದ್ದು ಅಳೆಯುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಸ್ವಂತಕ್ಕೊಂದು ಮೀಟರ್ ಕೊಂಡು, ದುರ್ಗಾಪೂಜೆಯ ಢಾಕ್ ಡೋಲನ್ನೂ ನನ್ನ ಮಿಕ್ಸಿಯನ್ನೂ ಅಳೆದು ಬೈಯುತ್ತಿದ್ದರು. "ಸದ್ದು ಗಾಳಿಯಲ್ಲಿ ಮಾತ್ರ ಬರುದಲ್ಲ ಮಾರಾಯ್ತಿ, ಹಡಗಿನ ಕಬ್ಬಿಣದಲ್ಲಿ ಇನ್ನೂ ಬೇಗ ಬರ್ತದೆ. ಅದನ್ನು ಮರೆತವ ಅಳತೆಗೆ ಹೋಗ್ಬಾರ್ದು" ಎನ್ನುವುದು ಅವರ ವೇದವಾಕ್ಯ.

ಆಗಷ್ಟೇ ಕೂರಲು ಕಲಿತ ನನ್ನ ಮಗಳು ಚಾರು ಆ ವರ್ಷದ ಪೂಜೆಯಲ್ಲಿ ಢಾಕ್ ಸದ್ದಿಗೂ ತಿರುಗಲಿಲ್ಲ. ಇವಳಿಗೆ ಕೇಳುವುದಿಲ್ಲವೇನೋ ಎಂದು ಮಾವನಿಗೆ ಹೇಳಿದೆ. ಮಾವ ದೇವರ ಗಂಟೆ ತಂದರು. ದೂರ ಹೆಚ್ಚುಕಮ್ಮಿಯಾದರೆ ಅಳತೆ ಕೆಡುತ್ತದೆಂದು ಅದನ್ನು ಅವಳ ಪುಟ್ಟ ಮಂಚದ ಮರದ ಕಟಕಟೆಗೆ ಬಿಗಿಯಾಗಿ ಕಟ್ಟಿ, ಬೆನ್ನ ಹಿಂದಿನಿಂದ ಬಾರಿಸಿದರು. ಕಟಕಟೆ ಹಿಡಿದು ಕೂತಿದ್ದ ಚಾರು ತಟ್ಟನೆ ತಿರುಗಿದಳು.

"ನೋಡು, ಕೇಳ್ತದೆ. ನೀನು ಸುಮ್ಮನೆ ಹೆದರಿ ಸಾಯ್ಬೇಡ" ಎಂದರು. ಮತ್ತೆ ದಿನಾ ಅವರು ಬಾರಿಸುವುದು, ಇವಳು ತಿರುಗುವುದು. ಡಾಕ್ಟರ ಮಾತೆತ್ತಿದರೆ ಗಂಟೆ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ದಾರ ಕಡಿದು ಗಂಟೆ ಕೆಳಗೆ ಬಿತ್ತು. ಮಾವ ಅದನ್ನು ಕೈಯಲ್ಲೇ ಹಿಡಿದು ಬಾರಿಸಿದರು. ಚಾರು ತಿರುಗಲಿಲ್ಲ. ಕಿವಿಯ ಹತ್ತಿರವೇ ಬಾರಿಸಿದರು. ಮೀಟರಿನ ಅಂಕಿ ಏರಿತು, ಮಗು ಬೆರಳು ಚೀಪುತ್ತಲೇ ಇತ್ತು. ಮಾವ ಕಟಕಟೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಮರದಲ್ಲಿ ಹೋಗ್ತಿತ್ತು. ಅವಳ ಕೈಗೆ ತಾಗ್ತಿತ್ತು. ನಾನೇ ಕಟ್ಟಿದ್ದು ಮಾರಾಯ್ತಿ, ನಾನೇ."

ದೀಪದ ಬುಡದಲ್ಲೇ ಕತ್ತಲೆ. ಬೈಯಬೇಕೆನಿಸಿತು, ಆ ಮುಖ ನೋಡಿ ಅವರನ್ನೂ ಕರೆದುಕೊಂಡು ಚಾರುವನ್ನು ಡಾಕ್ಟರ ಹತ್ತಿರ ಒಯ್ದೆ.

ಕಿವಿಯ ನರವೇ ಬೆಳೆದಿಲ್ಲ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಹೊರಗೆ, ಸದರ್ನ್ ಅವೆನ್ಯೂವಿನ ಫುಟ್‌ಪಾತಿನಲ್ಲಿ ಮಾವ ಮೊಮ್ಮಗಳನ್ನು ಅವಚಿಕೊಂಡು ಗಟ್ಟಿಯಾಗಿ ಅತ್ತರು. ನನಗೆ ಸತ್ತುಹೋಗಬೇಕೆನಿಸಿತ್ತು. ಅವರ ಎದೆಗೆ ಅಂಗೈ ಒತ್ತಿಕೊಂಡಿದ್ದ ಚಾರು ಮಾತ್ರ ನಕ್ಕಳು. ಆ ಅಳು ಅವಳ ಕೈಗೆ ತಲುಪಿತ್ತು. ಅಂದಿನಿಂದ ಮಾವನ ಚಪ್ಪಾಳೆ ನಿಂತಿತು. ಅವಳ ಕೈಯನ್ನು ಎದೆಗೊತ್ತಿಕೊಂಡು ಏನಾದರೂ ಗುನುಗುತ್ತಾ ಕೂರುತ್ತಿದ್ದರು.

ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ನಡುಮನೆಯಲ್ಲಿ ಮಲಗಿಸಿದ್ದ ಅವರ ಎದೆಯ ಮೇಲೆ ಚಾರು ಅಂಗೈ ಇಟ್ಟಳು. ಕಾದಳು. ಕೈಯನ್ನು ಇನ್ನೊಂದು ಬದಿಗೆ ಸರಿಸಿ ನೋಡಿದಳು. ಕೊನೆಗೆ ನನ್ನ ಕೈ ಎಳೆದು ಅಲ್ಲಿಟ್ಟು, ನನಗಾದರೂ ಏನಾದರೂ ತಿಳಿಯುತ್ತಿದೆಯೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತಳು.